ನಾಲ್ಕು ಮೀಟರ್ ತಪ್ಪು

ಕೋಡಿಬೆಂಗ್ರೆಯ ದಕ್ಕೆಯ ಮೇಲೆ
ಫೋನು ಹಿಡಿದು ಗಿರ್ರನೆ ಸುತ್ತುತ್ತಿದ್ದೇನೆ,
ಸಂಜೆ ಕೋಳಿ ಎಣಿಸಿ ಒಂದು ಕಡಿಮೆ ಬಿದ್ದವರ ಹಾಗೆ.
ಹದಿಮೂರು ಡಿಗ್ರಿ ಇಪ್ಪತ್ತನಾಲ್ಕು ನಿಮಿಷ ಉತ್ತರ,
ಮುಂದಿನ ದಶಾಂಶಗಳನ್ನು
ಶಮಿತ್ ಮಗ್ಗಿಯಂತೆ ಒಪ್ಪಿಸುತ್ತಾನೆ.
ಅಕ್ಕನ ಮಗ, ಆರನೆಯ ಕ್ಲಾಸು,
ಈ ಆಟ ತಂದವನು ಅವನೇ:
ಯಾರೋ ಎಲ್ಲೋ ಒಂದು ಡಬ್ಬಿ ಅಡಗಿಸುತ್ತಾರೆ,
ಲೋಕಕ್ಕೆಲ್ಲ ಅಂಕಿ ಹೇಳಿ ಸುಮ್ಮನಾಗುತ್ತಾರೆ.
ಸಿಕ್ಕಿದವರು ಹೆಸರು ಬರೆಯಬೇಕು,
ಒಂದು ತೆಗೆದರೆ ಒಂದು ಇಡಬೇಕು.
"ಮತ್ತೆ ಲಾಭ ಎಂತದು?" ಎಂದೆ.
"ಲಾಭ ಇಲ್ಲ ಮಾಮ. ಸಿಗುವುದು, ಅಷ್ಟೆ."

ಬಾಣದ ಗುರುತು ನೀರನ್ನೇ ತೋರಿಸುತ್ತದೆ.
ದಕ್ಕೆಯ ಅಂಚು ದಾಟಿ ನಾಲ್ಕು ಮೀಟರ್.
ಅಲ್ಲಿರುವುದು
ಕೆರೆಯ ಹಾಗೆ ನಿಂತ ಹೊಳೆ,
ಕಟ್ಟಿದ ದೋಣಿ, ಅದರ ಮೂಗಿನ ಮೇಲೆ ಕೊಕ್ಕರೆ,
ಮತ್ತು ಹಂಗಾರಕಟ್ಟೆಯಿಂದ
ಮೂರು ಸ್ಕೂಟರು ಒಂದು ಗ್ಯಾಸ್ ಸಿಲಿಂಡರು ಹೊತ್ತು
ಬರುತ್ತಲೇ ಇರುವ ಬಾರ್ಜು.

ಕಂಬದ ಬುಡ ನೋಡಿದೆವು, ಹಗ್ಗದ ಸುರುಳಿ ನೋಡಿದೆವು.
ದೋಣಿ ಉಜ್ಜದಿರಲೆಂದು ತೂಗಿಬಿಟ್ಟ ಟಯರುಗಳಿಗೆ
ಕೈ ಹಾಕಿದೆವು; ಎರಡನೆಯದರಲ್ಲಿ ಏಡಿ.
ಮಣಿಪಾಲದಲ್ಲಿ ದಿನವಿಡೀ ಹಲ್ಲು ಕಟ್ಟುವ ಕೈ ಇದು,
ಕೂದಲೆಳೆ ಹೆಚ್ಚಾದರೂ ತಿಳಿಯುವ ಕೈ.
ನಾಲ್ಕು ಮೀಟರ್ ತಪ್ಪಿದರೆ ನಮ್ಮಲ್ಲಿ
ಹಲ್ಲು ಪಕ್ಕದ ಮನೆಯವರ ಬಾಯಿಗೆ ಹೋಗುತ್ತದೆ.

"ಎಂತ ಹುಡುಕುದು?"
ಮರುವಾಯಿ ರಾಶಿಯ ಹಿಂದೆ, ನೆರಳಲ್ಲಿ, ಒಬ್ಬ ಹೆಂಗಸು.
ಇಷ್ಟು ಹೊತ್ತು ನೋಡಿಯೂ ಕೇಳಿರಲಿಲ್ಲ.
ಗುಟ್ಟು ಬಿಡಬಾರದು, ನಿಯಮ;
ಶಮಿತ್ ನನ್ನ ಅಂಗಿ ಜಗ್ಗಿದ.
"ಏನಿಲ್ಲ, ಗಾಳಿಗೆ ಬಂದದ್ದು."
"ಗಾಳಿಗೆ ಬಂದವರು ಟಯರಿಗೆ ಕೈ ಹಾಕುದಾ?"
ಎದ್ದರು. ಮೊದಲು ಒಂದು ಮೊಣಕಾಲು,
ಸ್ವಲ್ಪ ತಡೆದು ಇನ್ನೊಂದು.
ಬಲೆಯ ಶೆಡ್ಡಿನ ಹೆಂಚಿನ ಸಂದಿಯಿಂದ
ತೆಗೆದರು, ಹಳದಿ ಡಬ್ಬಿ.
"ಇದಲ್ವಾ?"

ಹಳೆಯ ದಕ್ಕೆಯ ತುದಿಯಲ್ಲಿತ್ತಂತೆ.
ಆ ತುದಿ ಒಂದು ಆಟಿಯ ರಾತ್ರಿ ಹೊಳೆಗೆ ಹೋಯಿತಂತೆ.
ಅಂಕಿ ಮಾತ್ರ ಅಲ್ಲೇ ನಿಂತಿದೆ,
ನೀರಿನ ಮೇಲೆ, ನೆಲ ಉಂಟೆಂದು ನಂಬಿ.

ಒಳಗೆ ಒಂದು ಗೋಲಿ, ಯಾವ ದೇಶದ್ದೋ ತೂತಿನ ನಾಣ್ಯ,
ಕುಂದಾಪುರದ ಬಸ್ಸು ಟಿಕೆಟು, ಬಲೆ ನೇಯುವ ಸೂಜಿ,
ಸುರುಳಿ ಸುತ್ತಿದ ಕಾಗದ.
ಯೋನಾಸ್. ಮಿರಿಯಂ. ತ್ರಿಶೂರಿನ ಇಬ್ಬರು.
ತಾರೀಖು, ನಗುವ ಮುಖ.
ನಡುನಡುವೆ ಬೇರೊಂದು ಅಕ್ಷರ, ಬಾಲ್‌ಪೆನ್ನು ಒತ್ತಿ ಬರೆದದ್ದು:
*ನೀರು ಬಂತು. ಮೇಲೆ ಇಟ್ಟಿದ್ದೇನೆ. ವಾ.*
*ನೀರು ಬಂತು. ಇನ್ನೂ ಮೇಲೆ. ವಾ.*
*ಈ ಸಲ ಯಾರೂ ಬರಲಿಲ್ಲ. ಡಬ್ಬಿ ಒರೆಸಿದೆ. ವಾ.*

ವಾ ಎಂದರೆ ವಾರಿಜ.
"ಯಾರದ್ದು ಅಂತ ಗೊತ್ತುಂಟಾ?"
"ಇಲ್ಲ. ಇಟ್ಟವರು ಒಬ್ಬರು ಇದ್ದಾರಲ್ಲ, ಹಾಗೆ ಬಿಡ್ಲಿಕ್ಕೆ ಆಗ್ತದಾ?"
ಆಮೇಲೆ, ಸ್ವಲ್ಪ ನಾಚಿ,
"ಒಂದು ಕ್ಲಿಪ್ಪು ತೆಗೆದೆ, ಮೊಮ್ಮಗಳಿಗೆ. ಸೂಜಿ ಇಟ್ಟೆ."
ನಿಯಮ ಯಾರೂ ಹೇಳಿರಲಿಲ್ಲ ಅವರಿಗೆ.

ಶಮಿತ್ ಗೋಲಿ ತೆಗೆದ.
ನನ್ನ ಜೇಬಲ್ಲಿದ್ದದ್ದು
ಬಣ್ಣ ಹೊಂದಿಸಲು ಒಯ್ಯುವ ಒಂದು ಪಿಂಗಾಣಿ ಹಲ್ಲು.
ವಾರಿಜಕ್ಕ ಬಿಸಿಲಿಗೆ ಹಿಡಿದರು,
ತನ್ನ ಬಾಯಿಯ ಖಾಲಿ ಜಾಗಕ್ಕೆ ಅಳತೆ ನೋಡಿದರು,
"ದೊಡ್ಡದಾಯ್ತು" ಎಂದು ಡಬ್ಬಿಗೆ ಹಾಕಿದರು.

ಬಸ್ಸಿನಲ್ಲಿ ಕೇಳಿದ, "ಮಾಮ, ಅಂಕಿ ಸರಿ ಮಾಡ್ಲಾ?"
ಬೆರಳು ಪರದೆಯ ಮೇಲಿತ್ತು,
ಶೆಡ್ಡಿನ ಮೂಲೆ ಅವನಿಗೆ ಕೊನೆಯ ದಶಾಂಶದವರೆಗೆ ಗೊತ್ತು.
ಬೇಡ ಎಂದೆ. ಏಕೆಂದು ಕೇಳಿದ, ಹೇಳಲಿಲ್ಲ.
ಮುಂದೆ ಬರುವವರೂ ಹೊಳೆ ನೋಡಲಿ,
ಟಯರಿಗೆ ಕೈ ಹಾಕಲಿ,
ಆ ನೆರಳಿನಿಂದ ಒಂದು ಪ್ರಶ್ನೆ ಬರುವವರೆಗೆ.

ಕಾಲ ಬಳಿ ಚೀಲದಲ್ಲಿ ನೂರು ಮರುವಾಯಿ,
ಐದು ಹೆಚ್ಚಿಗೆ ಹಾಕಿದ್ದರು.
ಸಂತೆಕಟ್ಟೆಯವರೆಗೂ ಅವು ಒಳಗಿನಿಂದ
ಟಿಕ್, ಟಿಕ್ ಎಂದು
ಒಂದೊಂದಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದವು.