ಒಂಬತ್ತನೇ ಕಾಲಂ

ಬೆಳಿಗ್ಗೆ ಎಂಟನೇ ತರಗತಿಗೆ ಅಮೆರಿಕದ ಪಾಠ.
ತಂಬಾಕಿನ ಹೊಲ, ಹೊಳೆದಂಡೆಯ ಜ್ವರ,
ಇಳಿದವರನ್ನು ಮಣ್ಣು ಮಾಡುವಷ್ಟರಲ್ಲಿ
ಇನ್ನೊಂದು ಹಡಗು.
ಎಷ್ಟೋ ಕಾಲ ಹುಟ್ಟಿದವರಿಗಿಂತ ಬಂದವರೇ ಹೆಚ್ಚು.
ಮೊದಲಿಂದ ಇದ್ದವರು ಆ ಲೆಕ್ಕದಲ್ಲೇ ಇಲ್ಲ.
ಆಮೇಲೆ ಒಂದು ದಿನ,
ಯಾವ ದಿನವೆಂದು ಯಾರೂ ಬರೆದಿಡಲಿಲ್ಲ,
ತೊಟ್ಟಿಲು ಹಡಗನ್ನು ಮೀರಿತು.
ಹಿಂದಿನ ಬೆಂಚಿನ ಹುಡುಗ ಎದ್ದ:
"ಅವತ್ತಿಂದ ಅವರು ಊರಿನವರಾ ಮಿಸ್?"
ಗಂಟೆ ಹೊಡೆಯಿತು. ಪುಣ್ಯ.

ಮಧ್ಯಾಹ್ನ ಗಣತಿಯ ಡ್ಯೂಟಿ. ಅಮ್ಮತ್ತಿ ದಾಟಿ ಒಂದು ತೋಟ,
ಲೈನ್‌ಮನೆ ಸಾಲು, ಹನ್ನೊಂದು ಬಾಗಿಲಿಗೆ ಒಂದೇ ನಲ್ಲಿ.
ಒಂಬತ್ತನೇ ಕಾಲಂ: ಹುಟ್ಟಿದ ಊರು.

ಫುಲ್ಮೋತಿ ತಾಂತಿ, ಬೆರಳಿಗೆಲ್ಲ ಕಾಫಿಹಣ್ಣಿನ ಅಂಟು,
ಲ್ಯಾಮಿನೇಟ್ ಮಾಡಿದ ಕಾರ್ಡನ್ನು ಸೆರಗಲ್ಲಿ ಒರೆಸಿ ಕೊಟ್ಟಳು.
ಅಸ್ಸಾಂ ಎಂದು ಬರೆದೆ.
"ಅಲ್ಲೂ ನಮ್ಮನ್ನ ಬಂದವರು ಅಂತಾರೆ" ನಕ್ಕಳು,
"ಮುತ್ತಜ್ಜನನ್ನ ಟೀ ತೋಟಕ್ಕೆ
ದೊರೆಗಳು ಹೊಳೆಯ ಹಡಗಲ್ಲಿ ತಂದರಂತೆ."
ಸೊಂಟದ ಕೂಸು ನನ್ನ ಪೆನ್ನಿಗೆ ಕೈ ಹಾಕಿತು.
ಅದು ಸಿದ್ದಾಪುರದ ಆಸ್ಪತ್ರೆಯದು, ಕಕ್ಕಡದ ಮಳೆಯದು.
ಬರೆದೆ: ಇದೇ ಜಿಲ್ಲೆ.

ಸಾಲಿನ ಕೊನೆಗೆ ಟಾರ್ಪಾಲಿನ ಮರೆಯಲ್ಲಿ
ಪಣಿಎರವರ ಬೊಳಕ. ಕಾರ್ಡಿಲ್ಲ.
ಹುಟ್ಟಿದ್ದೆಲ್ಲಿ?
ಕತ್ತಿಯ ತುದಿಯಿಂದ ತೋರಿಸಿದ,
ರೋಬಸ್ಟಾ ಗಿಡಗಳ ನಡುವೆ, ಈಗ ಗೊಬ್ಬರದ ಶೆಡ್ಡು ನಿಂತಲ್ಲಿ.
ಹೆಸರೂ ಹೇಳಿದ.
ನನ್ನ ಪಟ್ಟಿಯ ಊರುಗಳಲ್ಲಿ ಆ ಹೆಸರಿಲ್ಲ.

ದಾರಿಯಲ್ಲಿ ರೈಟರ್ ಐಯಣ್ಣ ಮರಗಳ ವರದಿ ಕೊಟ್ಟರು:
"ಈ ಸಿಲ್ವರ್ ಓಕು ಹೊರಗಿಂದ ಬಂದದ್ದು,
ಕಡಿಯೋಕೆ ಯಾರ ಅಪ್ಪಣೆಯೂ ಬೇಡ.
ಆ ಬೀಟೆ ಇಲ್ಲಿಯದೇ ನೋಡಿ,
ಅದಕ್ಕೇ ಮೈಮೇಲೆ ನಂಬರು, ಅದಕ್ಕೇ ಸರ್ಕಾರದ್ದು."
ಈ ಕಾಡಲ್ಲೇ ಹುಟ್ಟಿದ ಮೆಣಸಿನ ಬಳ್ಳಿ
ಹೊರಗಿನ ಮರವನ್ನು ಗಂಟುಗಂಟಿಗೂ ಕಚ್ಚಿಕೊಂಡು
ನಮ್ಮ ಮಾತಿಗೆ ಸಿಗದಷ್ಟು ಮೇಲೆ ಹೋಗಿತ್ತು.

ರಾತ್ರಿ ಕೂಡಿಸಿದೆ.
ಬಂದವರು ಇಪ್ಪತ್ತೆಂಟು. ಇಲ್ಲಿ ಹುಟ್ಟಿದವರು
ಬೊಳಕನನ್ನು ಬಿಟ್ಟರೆ ಇಪ್ಪತ್ತೇಳು.
ಆರನೇ ಬಾಗಿಲಲ್ಲಿ ಒಬ್ಬಳು ತುಂಬು ಬಸುರಿ,
ಗೋಡೆ ಹಿಡಿದು ಎದ್ದು ನನಗೆ ನೀರು ತಂದಿದ್ದಳು.

ನನ್ನದೂ ತುಂಬಬೇಕಲ್ಲ. ಪಿರಿಯಾಪಟ್ಟಣ.
ಹತ್ತೊಂಬತ್ತು ವರ್ಷವಾಯಿತು, ಮೀನಿನಂಗಡಿಯವನು
ಇನ್ನೂ ಕೇಳುತ್ತಾನೆ: ಟೀಚರ್, ನಿಮ್ಮ ಕಡೆ ಮಳೆ ಹೇಗೆ?

ಬೊಳಕನ ಖಾಲಿ ಕಾಲಂನಲ್ಲಿ
ಅವನ ಬಾಯಿಂದ ಬಿದ್ದ ಹಾಗೇ
ಪೆನ್ಸಿಲಲ್ಲಿ ಬರೆದೆ.
ಒತ್ತಕ್ಷರ ಸರಿಯೋ ಇಲ್ಲವೋ.
ನಾಳೆ ಮೊದಲನೇ ಪೀರಿಯಡ್ಡು ಅದೇ ತರಗತಿ.