ಹೋಗಲಿಕ್ಕೆ ಒಂದು, ಬರುವಾಗ ಎರಡು

ವಿಮಾನ ನಿಲ್ದಾಣಕ್ಕೆ ರೈಲಿಲ್ಲ, ನನಗೂ ಗೊತ್ತು.
ಆದರೂ ಇಂದ್ರಾಳಿಯ ಕೌಂಟರಿನಲ್ಲಿ ಬಾಯಿ ತಪ್ಪಿ ಕೇಳಿದೆ:
"ಏರ್‌ಪೋರ್ಟಿಗೆ. ಹೋಗಲಿಕ್ಕೆ ಒಂದು, ಬರುವಾಗ ಎರಡು."
ಗಾಜಿನ ಆಚೆ ಬೈಕಾಡಿಯವರು ಕನ್ನಡಕ ಏರಿಸಿದರು.
"ಸುರತ್ಕಲ್ ಅಂತ ಹೇಳಿ ಮಾರಾಯ್ರೆ.
ಅಲ್ಲಿಂದ ಗುಡ್ಡೆ ಹತ್ತಲಿಕ್ಕೆ ರಿಕ್ಷಾದವನ ದಯೆ."

ಹಿಂದೆ ಹತ್ತು ಜನ, ನನ್ನದಿನ್ನೂ ಲೆಕ್ಕ.
ಹೋಗಲಿಕ್ಕೆ ಜನರಲ್ ಸಾಕು,
ದಿನವಿಡೀ ಮೆಷಿನು ತುಳಿದ ಕಾಲು
ಅಷ್ಟು ದೂರ ನಿಂತರೆ ಸವೆಯುವುದಿಲ್ಲ.
ಬರುವಾಗಿನದ್ದೇ ಕಷ್ಟ.
ಎ.ಸಿ. ಕುರ್ಚಿಯ ದುಡ್ಡಿಗೆ
ಎರಡು ವಾರದ ಲೈನಿಂಗ್ ಬಟ್ಟೆ ಬರುತ್ತದೆ.
ಸ್ಲೀಪರಿನಲ್ಲಿ ಹಗಲು ಹೊತ್ತು ಮಲಗುವವರು ಯಾರು?
"ಕಾರು ಮಾಡು" ಅಂದಿದ್ದರು ಪಕ್ಕದಂಗಡಿಯ ಹಿಲ್ಡಾಬಾಯಿ.
ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೇ ಕೂತು
ಉಡುಪಿವರೆಗೆ ಎಂತ ಮಾತಾಡುವುದು?
ರೈಲಾದರೆ ಕಿಟಕಿ ಉಂಟು, ಚಾ ಮಾರುವವ ಉಂಟು,
ಒಬ್ಬರನ್ನೊಬ್ಬರು ನೋಡದೆ ಇರಲಿಕ್ಕೆ ನೂರು ಮುಖ ಉಂಟು.

ಬರುವವಳು ತಂಗಿ.
ಹಾಗೆಂದು ಅವಳು ಬರೆದಿದ್ದಾಳೆ, ನಾನಿನ್ನೂ ಬರೆದಿಲ್ಲ.
ಬಹರೈನಿನ ಹೋಟೆಲಲ್ಲಿ ಇಪ್ಪತ್ತೆರಡು ವರ್ಷ
ದೋಸೆ ಎರೆದ ಅಪ್ಪ
ಅಲ್ಲೂ ಒಂದು ಒಲೆ ಹಚ್ಚಿದ್ದರೆಂದು
ಅವರ ಬೊಜ್ಜ ಮುಗಿದ ಮೇಲೆ ಗೊತ್ತಾದದ್ದು.
ಜಿನ್ಸಿ ದೇವಾಡಿಗ.
ಎಲ್ಲಿಯದೋ ಹೆಸರಿನ ತುದಿಗೆ ನಮ್ಮ ದೇವಾಡಿಗ,
ಬೇರೆ ಥಾನಿನ ಬಟ್ಟೆಗೆ
ನಮ್ಮ ಸೀರೆಯ ಅಂಚು ಕೂಡಿಸಿದ ಹಾಗೆ.

"ವಿಮಾನ ತಡವಾದರೆ ರೈಲು ಕಾಯುವುದಿಲ್ಲ" ಅಂದರು ಬೈಕಾಡಿ.
"ಬಂದ ಮೇಲೆ ಅಲ್ಲೇ ಜನರಲ್ ತೆಗೀರಿ, ಅದೇ ಬುದ್ಧಿವಂತಿಕೆ."
ಬುದ್ಧಿವಂತಿಕೆ ಯಾರಿಗೆ ಬೇಕಿತ್ತು?
ನಮ್ಮನ್ನು ಗತಿಗೆಟ್ಟವರೆಂದು ಅವಳು ತಿಳಿಯಬಾರದು,
ಅಪ್ಪನ ದುಡ್ಡಿನಲ್ಲಿ ಮೆರೆದವರೆಂದೂ.
ಆ ಎರಡರ ನಡುವಿನ ಬೋಗಿ ಯಾವುದು?
"ಎ.ಸಿ.ಯೇ ಕೊಡಿ. ಎರಡು.
ಒಂದು ಕಿಟಕಿ ಬದಿ."

ಕಾನ, ಬಾಳ, ಕಳವಾರು,
ಬಜ್ಪೆ ದಾಟಿ ಬೇಲಿಯಾಚೆ ಬೋಳು ಗುಡ್ಡೆ.
ಬೋರ್ಡಿನಲ್ಲಿ ಅವಳ ವಿಮಾನದ ಗಂಟೆ
ಮೂರು ಸಲ ಮುಂದೆ ಜಾರಿತು.
ಕೆಳಗೆ ಸುರತ್ಕಲಿನಲ್ಲಿ ನಮ್ಮ ರೈಲು
ಎರಡು ಖಾಲಿ ಕುರ್ಚಿ ತಣ್ಣಗೆ ಇಟ್ಟುಕೊಂಡು
ಹೊರಟಿರಬಹುದು ಆಗ.
ನಾನು ಗೇಟಿನ ಕಂಬಿ ಹಿಡಿದು ನಿಂತಿದ್ದೆ,
ರವಿಕೆಯೊಳಗೆ ಟಿಕೆಟು ಬೆವರಿಗೆ ಮೆತ್ತಗಾಗಿತ್ತು.

ಹೆಸರಿನ ಹಲಗೆ ಹಿಡಿದಿರಲಿಲ್ಲ ನಾನು.
ಫೋಟೋದ ಮುಖವೂ ಮರೆತಿತ್ತು.
ಗುರುತು ಸಿಕ್ಕಿದ್ದು ಭುಜದಲ್ಲಿ:
ಅಪ್ಪನ ಅಂಗಿಗೆ ಎಡಗಡೆ ಅರ್ಧ ಇಂಚು
ಇಳಿಸಿ ಕತ್ತರಿಸಬೇಕಿತ್ತು ಯಾವಾಗಲೂ.
ಅದೇ ಅರ್ಧ ಇಂಚು
ಟ್ರಾಲಿ ತಳ್ಳುತ್ತಾ ಬಂತು.

ಬ್ಯಾಗು ಎತ್ತಲಿಕ್ಕೇ ಆಗಲಿಲ್ಲ.
"ಎಂತ ಇದರಲ್ಲಿ, ಕಲ್ಲಾ?"
"ಕಲ್ಲೇ" ಅಂದಳು ಅವಳ ಮಲಯಾಳದಲ್ಲಿ, "ದೋಶಕ್ಕಲ್ಲ್."
ಅಪ್ಪನ ಕಾವಲಿ.
ಬಟ್ಟೆಗಿಂತ ಅದರದ್ದೇ ತೂಕ ಜಾಸ್ತಿ.

ಸುರತ್ಕಲಿನಲ್ಲಿ ಕೊನೆಗೆ ಸಿಕ್ಕಿದ್ದು ಪ್ಯಾಸೆಂಜರು.
ಜನರಲ್, ಇಬ್ಬರಿಗೆ ಸೇರಿ ಒಂದೇ ಚೀಟಿ.
ಒಳಗೆ ಕಾಲಿಡಲು ಜಾಗವಿಲ್ಲ.
ಬಾಗಿಲ ಪಕ್ಕ ಬ್ಯಾಗು ಅಡ್ಡ ಮಲಗಿಸಿ
ಅದರ ಮೇಲೆ ಕೂತೆವು,
ಅವಳು ಅರ್ಧ, ನಾನು ಅರ್ಧ,
ಅಡಿಯಲ್ಲಿ ಕಬ್ಬಿಣದ ದುಂಡು ಅಂಚು ಒತ್ತುತ್ತಿತ್ತು.
ಮೂಲ್ಕಿಯ ಹೊಳೆ ಕತ್ತಲಲ್ಲಿ ಸದ್ದು ಮಾತ್ರ.
ಪಡುಬಿದ್ರೆಗೆ ಮೊದಲೇ ಅವಳಿಗೆ ನಿದ್ದೆ,
ಬಾಯಿ ತೆರೆದು, ಥೇಟ್ ಅವರ ಹಾಗೆ.
ತಳ್ಳಲೂ ಇಲ್ಲ, ತಬ್ಬಲೂ ಇಲ್ಲ.
ಭುಜ ಸ್ವಲ್ಪ ಎತ್ತರ ಮಾಡಿ ಕೊಟ್ಟೆ.

ಇಂದ್ರಾಳಿಯಲ್ಲಿ ಚೆಕಿಂಗು.
ಗಡಿಬಿಡಿಯಲ್ಲಿ ತೆಗೆದುಕೊಟ್ಟದ್ದು ಎ.ಸಿ.ಯ ಚೀಟಿ.
"ಈ ರೈಲು ಹೋಗಿ ಆಯ್ತಲ್ಲ ಅಮ್ಮಾ."
ಹುಡುಕಿ ಇನ್ನೊಂದು ಕೊಟ್ಟೆ.
ಅವನು ನನ್ನ ನೋಡಿದ, ಅವಳ ನೋಡಿದ,
"ಇಬ್ಬರೂ ಒಟ್ಟಿಗಾ?"

ನಾನು ಬಾಯಿ ತೆರೆಯುವಷ್ಟರಲ್ಲಿ
ನಿದ್ದೆಗಣ್ಣಲ್ಲೇ ಬ್ಯಾಗಿನ ಒಂದು ಹಿಡಿ ಎತ್ತಿ
ಮತ್ತೊಂದು ಹಿಡಿಗಾಗಿ
ನನ್ನ ಕೈಯ ಕಡೆ ನೋಡುತ್ತಿದ್ದಳು.