ಎರಡು ಬೆರಳಗಲ

ಬ್ಯಾಂಕಿನ ರೊಕ್ಕದ ಗಾಡಿ ಕಾಯುವ ಫಕೀರಸಾಬ ನದಾಫ
ಬೆಟಗೇರಿಯ ನನ್ನ ಅಂಗಡಿಗೆ ಬಂದು
ರೈಫಲ್ಲು ಗೋಡೆಗೆ ಒರಗಿಸಿದ.
“ಗುಂಡಿಲ್ಲ, ಅಂಜಬ್ಯಾಡ.
ಅಳಿಯ ಹುಬ್ಬಳ್ಳಿಯಿಂದ ಏನೇನು ತಂದಾನ ನೋಡು.”

ದುರ್ಬೀನು, ಎರಡು ಕಾಲಿನ ಊರುಗೋಲು, ಕೆಂಪು ಚುಕ್ಕಿಯ ದೀಪ.
ಪಕ್ಕದ ನೀಲವ್ವನ ತಕ್ಕಡಿ ಇಸಕೊಂಡು
ಒಂದೊಂದೇ ತೂಗಿದ:
ದುರ್ಬೀನಿಗೆ ಆರು ಉಳ್ಳಾಗಡ್ಡಿ,
ಊರುಗೋಲಿಗೆ ಎರಡು ಸವತಿಕಾಯಿ.
“ಪಚಡಿಗಾತು ನೋಡ್ರಿ” ಅಂದಳು ನೀಲವ್ವ.

“ಗಾಡಿಯಿಂದ ಬ್ಯಾಂಕಿನ ಬಾಗಿಲಿಗೆ ಹನ್ನೆರಡು ಹೆಜ್ಜಿ.
ಅಷ್ಟಕ್ಕ ದುರ್ಬೀನು ಯಾಕ?
ಮುಂಜಾನೆ ಹೂವಿನಂಗ ಇದ್ದದ್ದು
ನಾಕು ಹೊಡಿಯೂದ್ರಾಗ ಬೀಸೋಕಲ್ಲು.”

ಉಳಿದದ್ದು ಬೆರಳುದ್ದದ ಒಂದು ಬ್ಯಾಟರಿ,
ನಾನು ಹೊಲಿಯಬೇಕಾದ ಹೆಗಲಪಟ್ಟಿ.
ಮಂಚದ ನವಾರು ಸಾಕು, ಎರಡು ಬೆರಳಗಲ;
ಬಕ್ಕಲಿಗೆ ಬಟ್ಟೆ ಸುತ್ತು, ಸಪ್ಪಳಾಗಬಾರದು.

ಅಳತೆಗೆಂದು ಅಂಗಿ ಸರಿಸಿದಾಗ ಕಂಡೆ:
ನೊಗ ಹೊತ್ತ ಎತ್ತಿನದರಂತೆ
ಜಡ್ಡುಗಟ್ಟಿದ ಒಂದು ಗೆರೆ.

“ಎಷ್ಟು ಸಲ ಹಾರಿಸೀರಿ?”
“ಹನ್ನೊಂದು ವರ್ಷಾತು, ಒಂದೂ ಇಲ್ಲ.
ಹೊತ್ತೇನಿ, ಅಷ್ಟ.”

ನವಾರಿನ ಅಂಚು ಒಳಗೆ ಮಡಚಿದೆ,
ದಾರದ ಗಂಟು
ಹೆಗಲಿಗೆ ತಾಗದ ಕಡೆ ಹಾಕಿದೆ.